ಸೊಂಟದ ತಳದ ಸ್ನಾಯುಗಳ ತೊಂದರೆ ಮತ್ತು ಫಿಸಿಯೋಥೆರಪಿ: ಸಂಕೋಚ ಬೇಡ, ಚಿಕಿತ್ಸೆ ಇದೆ



ಸಕ್ಕರೆ ಕಾಯಿಲೆ, ಬಿ.ಪಿ., ಮಂಡಿನೋವು ಇವುಗಳ ಬಗ್ಗೆ ನಾವು ಪೂಜೆ ಮುಗಿದ ಮೇಲೆ ಚರ್ಚಿನ ಅಂಗಳದಲ್ಲಿ ನಿಂತು ಧಾರಾಳವಾಗಿ ಮಾತನಾಡುತ್ತೇವೆ. ಆದರೆ ಮನೆಯೊಳಗೂ ಹೇಳಿಕೊಳ್ಳಲಾಗದ ಕೆಲವು ತೊಂದರೆಗಳಿವೆ. ಕೆಮ್ಮಿದಾಗ ಮೂತ್ರ ಸೋರುವುದು, ಗರ್ಭಕೋಶ ಕೆಳಗೆ ಜಾರಿದಂತಾಗುವುದು, ಕುಳಿತರೆ ಗುದದ ಸುತ್ತ ನೋವು, ದಾಂಪತ್ಯದಲ್ಲಿ ನೋವು. ಇವು ಅಪರೂಪದ ಕಾಯಿಲೆಗಳಲ್ಲ. ಆದರೂ ಅನೇಕರು ವರ್ಷಗಟ್ಟಲೆ ಯಾರಿಗೂ ಹೇಳದೆ ಸಹಿಸಿಕೊಂಡು ಬರುತ್ತಾರೆ.

ಚರ್ಚಿನ ಪುಟದಲ್ಲಿ ಈ ವಿಷಯ ಏಕೆ ಎಂದು ಕೆಲವರು ಕೇಳಬಹುದು. ಧರ್ಮಕೇಂದ್ರಗಳಲ್ಲಿ ಸೇವೆ ಮಾಡುವಾಗ ನಾವು ಒಂದು ಸಂಗತಿಯನ್ನು ಗಮನಿಸಿದ್ದೇವೆ. ಹಲವು ವರ್ಷ ಗಾಯನ ಮಂಡಳಿಯಲ್ಲಿ ಹಾಡಿದವರು ಒಂದು ದಿನ ಹಿಂದಿನ ಬೆಂಚಿಗೆ, ಬಾಗಿಲ ಪಕ್ಕಕ್ಕೆ ಬರುತ್ತಾರೆ. ಬಳಿಕ ಮೆರವಣಿಗೆಗೆ ಬರುವುದನ್ನು ಬಿಡುತ್ತಾರೆ. ಕೊನೆಗೆ ಭಾನುವಾರದ ಪೂಜೆಗೂ ಬರುವುದಿಲ್ಲ. ವಿಚಾರಿಸಿದರೆ "ವಯಸ್ಸಾಯಿತಲ್ಲ ಫಾದರ್" ಎಂಬ ಉತ್ತರ ಸಿಗುತ್ತದೆ. ಮನೆ ಭೇಟಿಗೆ ಹೋದಾಗ ಒಬ್ಬಿಬ್ಬರು ಮಾತ್ರ ನಿಜವಾದ ಕಾರಣ ಹೇಳಿದ್ದುಂಟು. ಮೊಣಕಾಲೂರಿ ಏಳುವಾಗ ಬಟ್ಟೆ ಒದ್ದೆಯಾಗುತ್ತದೆ, ಪಕ್ಕದವರಿಗೆ ವಾಸನೆ ಬಂದರೆ ಏನು ಮಾಡಲಿ ಎಂಬ ಭಯ. ಅಂಥವರಿಗೆ "ದೇವರಿಗೆ ಒಪ್ಪಿಸಿ" ಎಂದು ಹೇಳಿ ನಾವು ಎದ್ದು ಬಂದದ್ದೂ ಉಂಟು. ಡಾಕ್ಟರಿಗೆ ತೋರಿಸಿದ್ದೀರಾ ಎಂದು ನಾವು ಕೇಳಲಿಲ್ಲ. ಕೇಳಬೇಕಾಗಿತ್ತು ಎಂದು ಈಗ ಅನಿಸುತ್ತದೆ. ಆದುದರಿಂದ ಈ ಲೇಖನ.

ಈ ಸ್ನಾಯುಗಳು ಯಾವುವು?

ನಮ್ಮ ಸೊಂಟದ ಮೂಳೆಗಳು ಸೇರಿ ತಳವಿಲ್ಲದ ಬೋಗುಣಿಯಂತಹ ಆಕಾರವಿದೆ. ಆ ತಳವನ್ನು ಮುಚ್ಚುವುದು ಸ್ನಾಯುಗಳು. ಮುಂದೆ ಜನನಾಂಗದ ಮೇಲ್ಭಾಗದಲ್ಲಿರುವ ಮೂಳೆಯಿಂದ ಹಿಂದೆ ಬೆನ್ನುಮೂಳೆಯ ತುದಿಯವರೆಗೆ ಇವು ಜೋಲಿಯಂತೆ ಹರಡಿವೆ. ವೈದ್ಯರು ಇವನ್ನು ಪೆಲ್ವಿಕ್ ಫ್ಲೋರ್ ಎಂದು ಕರೆಯುತ್ತಾರೆ. ಸ್ತ್ರೀಯರಿಗೂ ಪುರುಷರಿಗೂ ಇವು ಇವೆ. ಇವುಗಳ ಕೆಲಸ ಮುಖ್ಯವಾಗಿ ನಾಲ್ಕು.

1. ಮೂತ್ರಕೋಶ, ಗರ್ಭಕೋಶ, ಗುದನಾಳ ಇವುಗಳಿಗೆ ಕೆಳಗಿನಿಂದ ಆಧಾರ ಕೊಡುವುದು.
2. ಮೂತ್ರ, ಮಲ, ವಾಯು ನಮಗೆ ಬೇಡದ ಹೊತ್ತಿನಲ್ಲಿ ಹೊರಬಾರದಂತೆ ತಡೆಯುವುದು, ಬೇಕಾದಾಗ ಸಡಿಲಗೊಂಡು ಬಿಡುವುದು.
3. ದಾಂಪತ್ಯ ಜೀವನದಲ್ಲಿ ಮತ್ತು ಹೆರಿಗೆಯಲ್ಲಿ ತಮ್ಮ ಪಾತ್ರ ನಿರ್ವಹಿಸುವುದು.
4. ಹೊಟ್ಟೆಯ ಮತ್ತು ಬೆನ್ನಿನ ಸ್ನಾಯುಗಳ ಜೊತೆ ಸೇರಿ ನಡುವನ್ನು ಸ್ಥಿರವಾಗಿ ಹಿಡಿಯುವುದು.

ಉಸಿರಾಟಕ್ಕೂ ಇವುಗಳಿಗೂ ಸಂಬಂಧವಿದೆ. ಉಸಿರು ಒಳಗೆ ತೆಗೆದುಕೊಂಡಾಗ ವಪೆ ಕೆಳಗಿಳಿಯುತ್ತದೆ, ಸೊಂಟದ ತಳವೂ ಸ್ವಲ್ಪ ಕೆಳಗಿಳಿಯುತ್ತದೆ. ಉಸಿರು ಬಿಟ್ಟಾಗ ಎರಡೂ ಮೇಲೇರುತ್ತವೆ. ಫಿಸಿಯೋಥೆರಪಿಸ್ಟರು ವ್ಯಾಯಾಮವನ್ನು ಉಸಿರಾಟದಿಂದಲೇ ಆರಂಭಿಸುವುದು ಇದೇ ಕಾರಣಕ್ಕೆ.

ಬರುವ ತೊಂದರೆಗಳು

ಒತ್ತಡದ ಸೋರಿಕೆ: ಕೆಮ್ಮಿದಾಗ, ಸೀನಿದಾಗ, ನಕ್ಕಾಗ, ಕೊಡಪಾನ ಎತ್ತಿದಾಗ ಮೂತ್ರ ಸೋರುವುದು. ಹೆರಿಗೆಯಾದವರಲ್ಲಿ ಇದು ಹೆಚ್ಚು.

ಅವಸರದ ಸೋರಿಕೆ: ಒಮ್ಮೆಲೇ ಮೂತ್ರಕ್ಕೆ ಅವಸರವಾಗಿ, ಶೌಚಾಲಯ ತಲುಪುವ ಮೊದಲೇ ಆಗಿಬಿಡುವುದು. ಕೆಲವರಿಗೆ ಈ ಎರಡೂ ವಿಧಗಳು ಇರುತ್ತವೆ.

ಅಂಗಗಳು ಜಾರುವುದು: ಗರ್ಭಕೋಶ, ಮೂತ್ರಕೋಶ ಅಥವಾ ಗುದನಾಳದ ಗೋಡೆ ಯೋನಿಯ ಕಡೆಗೆ ಇಳಿಯುವುದು. "ಏನೋ ಕೆಳಗೆ ಬಂದ ಹಾಗೆ", "ಭಾರ ಎಳೆದ ಹಾಗೆ" ಎಂದು ಮಹಿಳೆಯರು ಹೇಳುತ್ತಾರೆ. ಸಂಜೆಯ ಹೊತ್ತಿಗೆ ಹೆಚ್ಚಾಗಿ, ಮಲಗಿದರೆ ಕಡಿಮೆಯಾಗುತ್ತದೆ.

ಮಲ ಅಥವಾ ವಾಯು ತಡೆಯಲಾಗದಿರುವುದು: ಹೆರಿಗೆಯಲ್ಲಿ ಗುದದ ಸ್ನಾಯುವಿನವರೆಗೆ ಹರಿದವರಲ್ಲಿ ಇದು ಕಾಣಿಸಿಕೊಳ್ಳಬಹುದು. ಎಲ್ಲಕ್ಕಿಂತ ಹೆಚ್ಚು ಮುಚ್ಚಿಡುವ ತೊಂದರೆ ಬಹುಶಃ ಇದೇ.

ನೋವು: ಕಿಬ್ಬೊಟ್ಟೆ, ಬೆನ್ನುಮೂಳೆಯ ತುದಿ, ಗುದದ್ವಾರ, ಜನನಾಂಗದ ಸುತ್ತ ತಿಂಗಳುಗಟ್ಟಲೆ ಇರುವ ನೋವು. ಕುಳಿತಾಗ, ಮೂತ್ರ ಅಥವಾ ಮಲ ವಿಸರ್ಜನೆಯಲ್ಲಿ, ಗಂಡ ಹೆಂಡತಿಯ ಕೂಡುವಿಕೆಯಲ್ಲಿ ನೋವು ಬರುವುದು.

ಕಾರಣಗಳೇನು?

ಗರ್ಭಧಾರಣೆ ಮತ್ತು ಹೆರಿಗೆ ಮುಖ್ಯ ಕಾರಣ. ಮಗು ದೊಡ್ಡದಿದ್ದರೆ, ತಳ್ಳುವ ಹೊತ್ತು ದೀರ್ಘವಾದರೆ, ಇಕ್ಕುಳ ಹಾಕಿ ಹೆರಿಗೆ ಮಾಡಿಸಿದ್ದರೆ ಸ್ನಾಯುಗಳಿಗೆ ಪೆಟ್ಟು ಹೆಚ್ಚು. ಮುಟ್ಟು ನಿಂತ ಮೇಲೆ ಅಂಗಾಂಶಗಳು ತೆಳುವಾಗುತ್ತವೆ. ಮಲಬದ್ಧತೆಯಿಂದ ದಿನಾ ತಿಣುಕುವುದು, ಹಳೆಯ ಕೆಮ್ಮು, ಅಸ್ತಮಾ, ಅತಿಯಾದ ತೂಕ, ಭಾರ ಎತ್ತುವ ಕೆಲಸ ಇವೆಲ್ಲ ತಳದ ಮೇಲೆ ಒತ್ತಡ ಹಾಕುತ್ತವೆ. ನಮ್ಮ ಕರಾವಳಿಯಲ್ಲಿ ಮೀನಿನ ಬುಟ್ಟಿ ಹೊರುವವರು, ಹುಲ್ಲಿನ ಹೊರೆ ತರುವವರು, ತೋಟಕ್ಕೆ ಗೊಬ್ಬರ ಹೊರುವವರು ಎಷ್ಟೋ ಮಂದಿ ಇದ್ದಾರೆ. ಅವರಲ್ಲಿ ಹೆರಿಗೆಯಾದ ಕೆಲವೇ ವಾರಗಳಲ್ಲಿ ಕೆಲಸಕ್ಕೆ ಮರಳಿದವರೂ ಇದ್ದಾರೆ.

ಹೆರಿಗೆಯಾಗದವರಿಗೂ ಇದು ಬರುತ್ತದೆ. ಅವಿವಾಹಿತರಿಗೂ, ಧರ್ಮಭಗಿನಿಯರಿಗೂ, ಕ್ರೀಡಾಪಟುಗಳಿಗೂ, ಪುರುಷರಿಗೂ ಬರಬಹುದು. ಆದ್ದರಿಂದ ಇಂಥ ತೊಂದರೆ ಇದೆ ಎಂದ ಮಾತ್ರಕ್ಕೆ ಯಾರ ನಡತೆಯ ಬಗ್ಗೆಯೂ ಸಂಶಯ ಪಡುವುದು ಅಜ್ಞಾನ ಮತ್ತು ಅನ್ಯಾಯ.

ಸಡಿಲವೇ, ಬಿಗಿಯೇ? ಮೊದಲು ತಿಳಿಯಬೇಕು

ಈ ಲೇಖನದಲ್ಲಿ ನೆನಪಿಡಬೇಕಾದ ಒಂದೇ ಒಂದು ವಿಷಯವಿದ್ದರೆ ಅದು ಇದು. ಎಲ್ಲರಿಗೂ ಒಂದೇ ವ್ಯಾಯಾಮ ಅಲ್ಲ.

ಸ್ನಾಯು ದುರ್ಬಲವಾಗಿದ್ದರೆ ಸೋರಿಕೆ, ಜಾರುವಿಕೆ ಬರುತ್ತದೆ. ಆಗ ಸ್ನಾಯುವನ್ನು ಬಲಪಡಿಸಬೇಕು. ಆದರೆ ಕೆಲವರ ಸ್ನಾಯು ಸದಾ ಬಿಗಿಯಾಗಿರುತ್ತದೆ, ಸಡಿಲಗೊಳ್ಳಲು ಮರೆತಿರುತ್ತದೆ. ಮುಷ್ಟಿಯನ್ನು ಇಡೀ ದಿನ ಬಿಗಿ ಹಿಡಿದರೆ ಕೈ ನೋಯುವಂತೆ ಆ ಸ್ನಾಯುವೂ ನೋಯುತ್ತದೆ. ಮೂತ್ರ ಪೂರ್ತಿ ಹೋಗದಿರುವುದು, ಮಲಬದ್ಧತೆ, ಕೂಡುವಿಕೆಯಲ್ಲಿ ನೋವು ಇದರ ಲಕ್ಷಣಗಳು. ಇಂಥವರು ಯಾರೋ ಹೇಳಿದರೆಂದು ಬಿಗಿ ಹಿಡಿಯುವ ವ್ಯಾಯಾಮವನ್ನೇ ಮಾಡುತ್ತಾ ಹೋದರೆ ನೋವು ಹೆಚ್ಚಾಗಬಹುದು. ಅವರು ಮೊದಲು ಕಲಿಯಬೇಕಾದದ್ದು ಸಡಿಲ ಬಿಡುವುದನ್ನು. ಮೊಬೈಲ್‌ನಲ್ಲಿ ಬಂದ ವಿಡಿಯೋ ನೋಡಿ ವ್ಯಾಯಾಮ ಆರಂಭಿಸುವ ಮೊದಲು ಒಮ್ಮೆ ತಿಳಿದವರಲ್ಲಿ ಪರೀಕ್ಷೆ ಮಾಡಿಸಿಕೊಳ್ಳಿರಿ ಎಂದು ಹೇಳುವುದು ಇದಕ್ಕೇ.

ಫಿಸಿಯೋಥೆರಪಿ ಎಷ್ಟು ಫಲಕಾರಿ?

ಅಮೆರಿಕದ ಸ್ತ್ರೀರೋಗ ತಜ್ಞ ಡಾ. ಆರ್ನಾಲ್ಡ್ ಕೆಗೆಲ್ 1948ರಲ್ಲಿ ಹೆರಿಗೆಯ ನಂತರ ಈ ಸ್ನಾಯುಗಳನ್ನು ವ್ಯಾಯಾಮದಿಂದ ಪುನಃ ಬಲಪಡಿಸಬಹುದು ಎಂದು ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟಿಸಿದರು. ಸ್ನಾಯು ಎಷ್ಟು ಬಲವಾಗಿ ಹಿಡಿಯುತ್ತದೆ ಎಂದು ಅಳೆದು ರೋಗಿಗೇ ತೋರಿಸುವ ಉಪಕರಣವನ್ನೂ ಅವರು ರೂಪಿಸಿದರು. ಇಂದಿಗೂ ಈ ವ್ಯಾಯಾಮಕ್ಕೆ ಕೆಗೆಲ್ ವ್ಯಾಯಾಮ ಎಂಬ ಹೆಸರಿದೆ.

2018ರಲ್ಲಿ ಕಾಕ್ರೇನ್ ಸಂಸ್ಥೆಯು 14 ದೇಶಗಳ 1,817 ಮಹಿಳೆಯರನ್ನು ಒಳಗೊಂಡ 31 ಅಧ್ಯಯನಗಳನ್ನು ಒಟ್ಟಾಗಿ ಪರಿಶೀಲಿಸಿತು. ಒತ್ತಡದ ಸೋರಿಕೆ ಇದ್ದವರಲ್ಲಿ ವ್ಯಾಯಾಮ ಮಾಡಿದ 100 ಮಂದಿಯಲ್ಲಿ ಸುಮಾರು 56 ಮಂದಿ ಗುಣವಾಯಿತು ಎಂದರು. ಚಿಕಿತ್ಸೆ ಪಡೆಯದವರಲ್ಲಿ ಹಾಗೆ ಹೇಳಿದವರು 100ರಲ್ಲಿ 6 ಮಂದಿ ಮಾತ್ರ. ಇಂಗ್ಲೆಂಡಿನ ಆರೋಗ್ಯ ಮಾರ್ಗಸೂಚಿ ಸಂಸ್ಥೆಯು 2019ರಲ್ಲಿ, ಒತ್ತಡದ ಸೋರಿಕೆ ಇರುವವರಿಗೆ ಮೊದಲ ಚಿಕಿತ್ಸೆಯಾಗಿ ಕನಿಷ್ಠ 3 ತಿಂಗಳು, ತರಬೇತಾದವರ ಮಾರ್ಗದರ್ಶನದಲ್ಲಿ ಈ ವ್ಯಾಯಾಮವನ್ನು ಕೊಡಬೇಕೆಂದು ಸೂಚಿಸಿತು.

ಜಾರುವಿಕೆಯ ಬಗ್ಗೆ ಬ್ರಿಟನ್, ನ್ಯೂಜಿಲೆಂಡ್ ಮತ್ತು ಆಸ್ಟ್ರೇಲಿಯಾದ 447 ಮಹಿಳೆಯರ ಅಧ್ಯಯನ 2014ರಲ್ಲಿ ಪ್ರಕಟವಾಯಿತು. ಫಿಸಿಯೋಥೆರಪಿಸ್ಟರಿಂದ ವೈಯಕ್ತಿಕವಾಗಿ ಕಲಿತು ವ್ಯಾಯಾಮ ಮಾಡಿದವರಿಗೆ ಒಂದು ವರ್ಷದ ನಂತರ ತೊಂದರೆಗಳು ಕಡಿಮೆಯಾಗಿದ್ದವು. ಪೂರ್ತಿ ಹೊರಬಂದ ಗರ್ಭಕೋಶ ವ್ಯಾಯಾಮದಿಂದ ಒಳಗೆ ಹೋಗುವುದಿಲ್ಲ ಎಂಬುದನ್ನೂ ಹೇಳಬೇಕು. ಆಗ ಯೋನಿಯೊಳಗೆ ಇಡುವ ಪೆಸರಿ ಎಂಬ ಬಳೆ ಅಥವಾ ಶಸ್ತ್ರಚಿಕಿತ್ಸೆ ಬೇಕಾಗಬಹುದು. ಅದನ್ನು ವೈದ್ಯರು ನಿರ್ಧರಿಸುತ್ತಾರೆ.

ನೋವಿನ ವಿಷಯದಲ್ಲೂ ಪುರಾವೆ ಇದೆ. ಮೂತ್ರಕೋಶದ ದೀರ್ಘಕಾಲದ ನೋವಿನ ಜೊತೆಗೆ ಸೊಂಟದ ತಳದಲ್ಲಿ ಮುಟ್ಟಿದರೆ ನೋವು ಇದ್ದ 81 ಮಹಿಳೆಯರಲ್ಲಿ ಒಂದು ಗುಂಪಿಗೆ ಬಿಗಿಯಾದ ಸ್ನಾಯುಗಳನ್ನು ಕೈಯಿಂದ ಸಡಿಲಿಸುವ ಚಿಕಿತ್ಸೆ, ಇನ್ನೊಂದು ಗುಂಪಿಗೆ ಸಾಮಾನ್ಯ ಮೈಮಾಲೀಶು ಕೊಡಲಾಯಿತು. 2012ರಲ್ಲಿ ಪ್ರಕಟವಾದ ಫಲಿತಾಂಶದಂತೆ ಮೊದಲ ಗುಂಪಿನಲ್ಲಿ ನೂರಕ್ಕೆ 59, ಎರಡನೆಯದರಲ್ಲಿ ನೂರಕ್ಕೆ 26 ಮಂದಿಗೆ ಗಮನಾರ್ಹ ಸುಧಾರಣೆ ಕಂಡಿತು.

ಮೊದಲ ಭೇಟಿಯಲ್ಲಿ ಏನು ನಡೆಯುತ್ತದೆ?

ಏನು ಮಾಡುತ್ತಾರೋ ಎಂಬ ಹೆದರಿಕೆಯಿಂದಲೇ ಎಷ್ಟೋ ಮಂದಿ ಹೋಗುವುದಿಲ್ಲ. ಆದ್ದರಿಂದ ಸ್ಪಷ್ಟವಾಗಿ ಹೇಳುತ್ತೇವೆ.

1. ಮೊದಲು ಮಾತುಕತೆ. ಎಷ್ಟು ಹೆರಿಗೆ, ಯಾವ ಶಸ್ತ್ರಚಿಕಿತ್ಸೆ, ದಿನಕ್ಕೆ ಎಷ್ಟು ಸಲ ಮೂತ್ರ, ಯಾವಾಗ ಸೋರಿಕೆ, ಎಲ್ಲಿ ನೋವು ಎಂದು ಕೇಳುತ್ತಾರೆ. ಮೂರು ದಿನ ಕುಡಿದ ನೀರು ಮತ್ತು ಹೋದ ಮೂತ್ರದ ಲೆಕ್ಕ ಬರೆದು ತರಲು ಹೇಳಬಹುದು.
2. ನಿಲ್ಲುವ ಭಂಗಿ, ಉಸಿರಾಟ, ಬೆನ್ನು, ಸೊಂಟದ ಕೀಲು ಮತ್ತು ಹೊಟ್ಟೆಯ ಪರೀಕ್ಷೆ.
3. ಅಗತ್ಯವಿದ್ದರೆ ಕೈಗವಸು ಹಾಕಿ ಒಂದು ಬೆರಳಿನಿಂದ ಒಳಗಿನ ಸ್ನಾಯುವಿನ ಪರೀಕ್ಷೆ. ನಿಮ್ಮ ಒಪ್ಪಿಗೆ ಇಲ್ಲದೆ ಇದನ್ನು ಮಾಡುವಂತಿಲ್ಲ. ಬೇಡ ಎನ್ನಬಹುದು. ನಡುವೆ ನಿಲ್ಲಿಸಿ ಎನ್ನಬಹುದು. ಜೊತೆಗೆ ಒಬ್ಬ ಮಹಿಳೆ ಇರಲಿ ಎಂದು ಕೇಳಬಹುದು. ಅವಿವಾಹಿತರಿಗೆ ಮತ್ತು ಬೇಡ ಎನ್ನುವವರಿಗೆ ಹೊರಗಿನಿಂದ ನೋಡಿ ಅಥವಾ ಹೊಟ್ಟೆಯ ಮೇಲಿನಿಂದ ಸ್ಕ್ಯಾನ್ ಮಾಡಿ ತಿಳಿಯುವ ವಿಧಾನಗಳೂ ಇವೆ.
4. ಬಳಿಕ ನಿಮಗೆ ಯಾವ ವ್ಯಾಯಾಮ, ದಿನಕ್ಕೆ ಎಷ್ಟು ಸಲ ಎಂದು ನಿರ್ಧರಿಸಿ ಕಲಿಸುತ್ತಾರೆ. ಸ್ನಾಯುವಿನ ಚಲನೆಯನ್ನು ಪರದೆಯ ಮೇಲೆ ತೋರಿಸುವ ಯಂತ್ರ ಅಥವಾ ಸೌಮ್ಯ ವಿದ್ಯುತ್ ಪ್ರಚೋದನೆಯನ್ನು ಕೆಲವರಿಗೆ ಉಪಯೋಗಿಸುತ್ತಾರೆ.

ಎಲ್ಲ ಫಿಸಿಯೋಥೆರಪಿಸ್ಟರೂ ಈ ವಿಭಾಗದಲ್ಲಿ ತರಬೇತಿ ಪಡೆದಿರುವುದಿಲ್ಲ. "ಸೊಂಟದ ತಳದ ಸ್ನಾಯುಗಳ ಚಿಕಿತ್ಸೆಯಲ್ಲಿ ವಿಶೇಷ ತರಬೇತಿ ಇದೆಯೇ?" ಎಂದು ಮೊದಲೇ ಕೇಳುವುದರಲ್ಲಿ ತಪ್ಪಿಲ್ಲ. ಹತ್ತಿರದ ಸ್ತ್ರೀರೋಗ ತಜ್ಞರು ಅಥವಾ ಮೂತ್ರರೋಗ ತಜ್ಞರಲ್ಲಿ ತೋರಿಸಿ ಅವರಿಂದ ಚೀಟಿ ಪಡೆದು ಹೋಗುವುದು ಒಳ್ಳೆಯದು. ಮಂಗಳೂರು, ಮಣಿಪಾಲದ ವೈದ್ಯಕೀಯ ಕಾಲೇಜು ಆಸ್ಪತ್ರೆಗಳಲ್ಲಿ ಫಿಸಿಯೋಥೆರಪಿ ವಿಭಾಗಗಳಿವೆ. 1880ರಲ್ಲಿ ಫಾದರ್ ಅಗಸ್ಟಸ್ ಮುಲ್ಲರ್ ಅವರು ಕಂಕನಾಡಿಯಲ್ಲಿ ಆರಂಭಿಸಿದ ಬಡವರ ಔಷಧಾಲಯವು ಇಂದು ವೈದ್ಯಕೀಯ ಕಾಲೇಜಾಗಿ ಬೆಳೆದು ಫಿಸಿಯೋಥೆರಪಿ ಶಿಕ್ಷಣವನ್ನೂ ನೀಡುತ್ತಿದೆ ಎಂಬುದು ನಮಗೆಲ್ಲ ತಿಳಿದಿರುವ ವಿಷಯ. ಇಂಥ ಸಂಸ್ಥೆಗಳಲ್ಲಿ ವಿಚಾರಿಸಬಹುದು.

ಬಲಪಡಿಸುವ ವ್ಯಾಯಾಮದ ಕ್ರಮ

ನೋವಿಲ್ಲದೆ, ಸೋರಿಕೆ ಮಾತ್ರ ಇರುವವರಿಗೆ ಸಾಮಾನ್ಯವಾಗಿ ಕಲಿಸುವ ಕ್ರಮ ಹೀಗಿದೆ.

1. ಮೂತ್ರ ಮಾಡಿ ಬಂದು, ಮಂಡಿ ಮಡಚಿ ಅಂಗಾತ ಮಲಗಿರಿ. ಅಭ್ಯಾಸವಾದ ಮೇಲೆ ಕುಳಿತು, ನಿಂತು ಮಾಡಬಹುದು.
2. ವಾಯು ಹೋಗದಂತೆ ತಡೆಯುವಾಗ ಮಾಡುವ ಹಾಗೆ ಗುದದ ಸುತ್ತಲಿನ ಸ್ನಾಯುವನ್ನು ಬಿಗಿ ಹಿಡಿಯಿರಿ. ಜೊತೆಗೆ ಮೂತ್ರ ತಡೆಯುವಂತೆ ಮುಂದಿನ ಭಾಗವನ್ನೂ ಒಳಗೆ, ಮೇಲಕ್ಕೆ ಎಳೆದುಕೊಳ್ಳಿರಿ.
3. ಉಸಿರು ಕಟ್ಟಬಾರದು. ಪೃಷ್ಠ, ತೊಡೆ ಬಿಗಿಯಾಗಬಾರದು. ಕೆಳಕ್ಕೆ ತಳ್ಳಲೇಬಾರದು.
4. ಎಷ್ಟು ಸೆಕೆಂಡು ಸಾಧ್ಯವೋ ಅಷ್ಟು ಹಿಡಿದು, ಅಷ್ಟೇ ಹೊತ್ತು ಪೂರ್ತಿ ಸಡಿಲ ಬಿಡಿರಿ. ನಿಧಾನವಾಗಿ 10 ಸೆಕೆಂಡಿನವರೆಗೆ ಹೆಚ್ಚಿಸಿರಿ.
5. ಒಂದು ಸರದಿಗೆ ಕನಿಷ್ಠ 8 ಸಲ, ದಿನಕ್ಕೆ 3 ಸರದಿ. ಇದರ ಜೊತೆಗೆ ಬೇಗ ಬೇಗ ಹಿಡಿದು ಬಿಡುವುದನ್ನೂ ಕೆಲವು ಸಲ ಮಾಡಿರಿ.
6. ಕೆಮ್ಮು, ಸೀನು ಬರುವ ಮುಂಚೆ, ಭಾರ ಎತ್ತುವ ಮುಂಚೆ, ಮೊಣಕಾಲೂರಿದಲ್ಲಿಂದ ಏಳುವ ಮುಂಚೆ ಒಮ್ಮೆ ಬಿಗಿ ಹಿಡಿಯುವ ರೂಢಿ ಮಾಡಿಕೊಳ್ಳಿರಿ.

ವಾರದಲ್ಲಿ ಫಲ ಕಾಣುವುದಿಲ್ಲ. 3 ತಿಂಗಳು ಬಿಡದೆ ಮಾಡಬೇಕು. ಬೆಳಿಗ್ಗೆ, ಮಧ್ಯಾಹ್ನ, ಸಂಜೆ ದೇವದೂತನ ಪ್ರಾರ್ಥನೆಯ ಗಂಟೆ ಬಾರಿಸುವ ಊರುಗಳಲ್ಲಿ ಪ್ರಾರ್ಥನೆ ಮುಗಿದ ಕೂಡಲೇ ಒಂದು ಸರದಿ ಎಂದು ಇಟ್ಟುಕೊಂಡರೆ ಮರೆಯುವುದಿಲ್ಲ. ಮೂತ್ರ ಮಾಡುವಾಗ ಅರ್ಧಕ್ಕೆ ತಡೆಯುವುದನ್ನೇ ವ್ಯಾಯಾಮವನ್ನಾಗಿ ಮಾಡಬಾರದು. ಮೂತ್ರಕೋಶ ಸರಿಯಾಗಿ ಖಾಲಿಯಾಗದೆ ತೊಂದರೆಯಾದೀತು.

ಅವಸರದ ಸೋರಿಕೆಗೆ ಮೂತ್ರಕೋಶಕ್ಕೆ ಅಭ್ಯಾಸ ಕೊಡುವ ಕ್ರಮವಿದೆ. ಗಂಟೆಗೊಮ್ಮೆ ಹೋಗುವವರು ಅವಸರವಾದಾಗ ಕುಳಿತು, ಸ್ನಾಯು ಬಿಗಿ ಹಿಡಿದು, ಅವಸರ ಇಳಿಯಲು ಬಿಟ್ಟು, ಸ್ವಲ್ಪ ಸ್ವಲ್ಪವೇ ಅಂತರ ಹೆಚ್ಚಿಸುತ್ತಾರೆ. ಇದಕ್ಕೆ ಕನಿಷ್ಠ 6 ವಾರ ಬೇಕು. ಚಹಾ, ಕಾಫಿ ಕಡಿಮೆ ಮಾಡಬೇಕು. ಆದರೆ ನೀರು ಕುಡಿಯುವುದನ್ನು ಬಿಡಬಾರದು. ವೇಳಾಂಕಣಿ ಯಾತ್ರೆಗೆ ಬಸ್ಸಿನಲ್ಲಿ ಹೊರಟವರು ದಾರಿಯುದ್ದಕ್ಕೂ ನೀರು ಮುಟ್ಟದಿರುವುದನ್ನು ನಾವು ಕಂಡಿದ್ದೇವೆ. ನೀರು ಕಡಿಮೆಯಾದರೆ ಮೂತ್ರ ಗಟ್ಟಿಯಾಗಿ ಮೂತ್ರಕೋಶ ಇನ್ನೂ ಕೆರಳುತ್ತದೆ, ಮಲಬದ್ಧತೆಯೂ ಹೆಚ್ಚುತ್ತದೆ.

ನೋವು ಇರುವವರಿಗೆ

ಇವರಿಗೆ ಮೊದಲು ಉಸಿರಾಟ. ಹೊಟ್ಟೆ ಉಬ್ಬುವಂತೆ ನಿಧಾನವಾಗಿ ಉಸಿರು ತೆಗೆದುಕೊಂಡು, ಸೊಂಟದ ತಳ ಕೆಳಗಿಳಿಯುವುದನ್ನು ಗಮನಿಸುವುದು. ಬಳಿಕ ತೊಡೆ, ಸೊಂಟದ ಸ್ನಾಯುಗಳನ್ನು ಹಿಗ್ಗಿಸುವುದು, ಬಿಗಿಯಾದ ಗಂಟುಗಳನ್ನು ಚಿಕಿತ್ಸಕರು ಕೈಯಿಂದ ಸಡಿಲಿಸುವುದು. ಮಲವಿಸರ್ಜನೆಗೆ ಕುಳಿತಾಗ ತಿಣುಕದಿರುವುದು, ಕಮೋಡ್ ಉಪಯೋಗಿಸುವವರು ಕಾಲ ಕೆಳಗೆ ಸಣ್ಣ ಮಣೆ ಇಟ್ಟುಕೊಳ್ಳುವುದು. ಎಂಡೋಮೆಟ್ರಿಯೋಸಿಸ್, ಸೋಂಕು, ಚರ್ಮರೋಗ ಇಂಥ ಬೇರೆ ಕಾರಣಗಳಿವೆಯೇ ಎಂದು ವೈದ್ಯರು ಜೊತೆಜೊತೆಗೇ ನೋಡಬೇಕು.

ಹೊಸದಾಗಿ ಮದುವೆಯಾದವರ ಬಗ್ಗೆ ಒಂದು ಮಾತು. ಕೂಡುವಿಕೆಯ ಹೊತ್ತಿಗೆ ಯೋನಿಯ ಸುತ್ತಲಿನ ಸ್ನಾಯು ತಾನಾಗಿ ಬಿಗಿಯಾಗಿ ವಿಪರೀತ ನೋವಾಗುವ ತೊಂದರೆಯೊಂದಿದೆ. ವೈದ್ಯರು ಇದನ್ನು ವಜೈನಿಸ್ಮಸ್ ಎನ್ನುತ್ತಾರೆ. ಇದು ಹೆಂಡತಿಯ ಹಠವೂ ಅಲ್ಲ, ಗಂಡನ ಮೇಲಿನ ಅಸಮಾಧಾನವೂ ಅಲ್ಲ. ಬೆಳಕು ಕಂಡಾಗ ಕಣ್ಣು ಮುಚ್ಚುವಂತೆ ಅವಳ ಇಚ್ಛೆ ಮೀರಿ ನಡೆಯುವಂಥದ್ದು. ಹೆದರಿಕೆ, ಹಿಂದಿನ ಕಹಿ ಅನುಭವ, ಕೆಲವೊಮ್ಮೆ ಅನುಭವಿಸಿದ ದೌರ್ಜನ್ಯವೂ ಕಾರಣವಾಗಿರಬಹುದು. ಇದು ತಿಳಿಯದೆ ಎರಡೂ ಮನೆಯವರು ಜಗಳವಾಡಿ ಸಂಬಂಧ ಕೆಟ್ಟ ಮೇಲೆ ನಮ್ಮ ಬಳಿಗೆ ಬಂದವರಿದ್ದಾರೆ. ಫಿಸಿಯೋಥೆರಪಿ ಮತ್ತು ಆಪ್ತಸಲಹೆ ಸೇರಿದರೆ ಇದಕ್ಕೆ ಒಳ್ಳೆಯ ಪರಿಹಾರವಿದೆ. ಗಂಡನ ತಾಳ್ಮೆಯೂ ಆ ಚಿಕಿತ್ಸೆಯ ಭಾಗ. ನೋವನ್ನು ಸಹಿಸಿಕೋ ಎಂದು ಹೆಂಡತಿಯನ್ನು ಒತ್ತಾಯಿಸುವುದು ದಾಂಪತ್ಯದ ಹಕ್ಕಲ್ಲ.

ಬಾಣಂತಿಯರಿಗೆ

ಬಸಿರಿನಲ್ಲೇ ಈ ವ್ಯಾಯಾಮ ಕಲಿತವರಿಗೆ ಹೆರಿಗೆಯ ನಂತರ ಸೋರಿಕೆಯ ಸಂಭವ ಕಡಿಮೆ. ಹೆರಿಗೆಯಾದ ಮೇಲೆ ವೈದ್ಯರ ಒಪ್ಪಿಗೆಯೊಂದಿಗೆ ಮೆಲ್ಲಗೆ ಆರಂಭಿಸಬಹುದು. ನಮ್ಮ ಊರಿನ ಬಾಣಂತನದ ವಿಶ್ರಾಂತಿ ಒಳ್ಳೆಯ ಪದ್ಧತಿ. ಹೊಟ್ಟೆಗೆ ಬಟ್ಟೆ ಕಟ್ಟುವುದರಿಂದ ಕೆಲವರಿಗೆ ಹಿತವೆನಿಸುತ್ತದೆ. ಆದರೆ ಅದರಿಂದ ತಳದ ಸ್ನಾಯು ಬಲಗೊಳ್ಳುವುದಿಲ್ಲ. ಅತಿ ಬಿಗಿಯಾಗಿ ಕಟ್ಟಿದರೆ ಒತ್ತಡ ಕೆಳಕ್ಕೆ ಹೋಗುತ್ತದೆ. ಸಿಸೇರಿಯನ್ ಆದವರಿಗೂ ವ್ಯಾಯಾಮ ಬೇಕು. ಒಂಬತ್ತು ತಿಂಗಳು ಭಾರ ಹೊತ್ತದ್ದು ಅದೇ ಸ್ನಾಯು.

ಪುರುಷರಿಗೆ

ಪ್ರಾಸ್ಟೇಟ್ ಗ್ರಂಥಿಯನ್ನು ತೆಗೆಯುವ ಶಸ್ತ್ರಚಿಕಿತ್ಸೆಯ ನಂತರ ಮೂತ್ರ ಸೋರುವುದು ಸಾಮಾನ್ಯ. ಹೆಚ್ಚಿನವರಲ್ಲಿ ತಿಂಗಳುಗಳು ಕಳೆದಂತೆ ಕಡಿಮೆಯಾಗುತ್ತದೆ. ಶಸ್ತ್ರಚಿಕಿತ್ಸೆಗೆ ಮೊದಲೇ ವ್ಯಾಯಾಮ ಕಲಿತು, ಕೊಳವೆ ತೆಗೆದ ಮೇಲೆ ಮುಂದುವರಿಸಲು ಸೂಚಿಸುತ್ತಾರೆ. ಇನ್ನು ಕೆಲವು ಪುರುಷರಿಗೆ ವೃಷಣ, ಗುದದ್ವಾರದ ನಡುವೆ ತಿಂಗಳುಗಟ್ಟಲೆ ನೋವಿರುತ್ತದೆ. ಪ್ರಾಸ್ಟೇಟ್ ಸೋಂಕೆಂದು ಮತ್ತೆ ಮತ್ತೆ ಆಂಟಿಬಯೋಟಿಕ್ ನುಂಗುತ್ತಾರೆ. ಇಂಥ ದೀರ್ಘಕಾಲದ ನೋವಿನಲ್ಲಿ ಹೆಚ್ಚಿನವರಿಗೆ ರೋಗಾಣುವೇ ಇರುವುದಿಲ್ಲ. ಅನೇಕರಲ್ಲಿ ಸ್ನಾಯು ಬಿಗಿಯಾಗಿರುವುದೂ ಒಂದು ಕಾರಣ. ಅವರಿಗೂ ಫಿಸಿಯೋಥೆರಪಿ ಸಹಾಯ ಮಾಡುತ್ತದೆ.

ತಡಮಾಡದೆ ವೈದ್ಯರಲ್ಲಿಗೆ ಹೋಗಬೇಕಾದ ಲಕ್ಷಣಗಳು

* ಮೂತ್ರದಲ್ಲಿ ಅಥವಾ ಮಲದಲ್ಲಿ ರಕ್ತ.
* ಮುಟ್ಟು ನಿಂತ ಮೇಲೆ ರಕ್ತಸ್ರಾವ.
* ಜ್ವರದೊಂದಿಗೆ ಉರಿಮೂತ್ರ.
* ಕಾರಣವಿಲ್ಲದೆ ತೂಕ ಇಳಿಯುವುದು, ಹೊಟ್ಟೆಯಲ್ಲಿ ಗಡ್ಡೆ.
* ಒಮ್ಮೆಲೇ ಮೂತ್ರ ಕಟ್ಟಿಹೋಗುವುದು.
* ತೊಡೆಗಳ ನಡುವೆ ಜೋಮು ಹಿಡಿದು, ಕಾಲಿನ ಬಲ ಕುಂದಿ, ಮಲಮೂತ್ರದ ಹಿಡಿತ ತಪ್ಪುವುದು. ಇದು ನರಗಳ ತುರ್ತು ಸ್ಥಿತಿ. ಅದೇ ದಿನ ದೊಡ್ಡ ಆಸ್ಪತ್ರೆಗೆ ಹೋಗಬೇಕು.

ಸಹಿಸುವುದೇ ಪುಣ್ಯವೇ?

"ಹೆಣ್ಣಿಗೆ ನೋವು ದೇವರೇ ಇಟ್ಟದ್ದು" ಎಂಬ ಮಾತನ್ನು ನಮ್ಮ ಹಿರಿಯರ ಬಾಯಲ್ಲಿ ಕೇಳಿದ್ದೇವೆ. ಆದಿಕಾಂಡದ ಮೂರನೇ ಅಧ್ಯಾಯವನ್ನು ಅದಕ್ಕೆ ಆಧಾರವಾಗಿ ತೋರಿಸುತ್ತಾರೆ. ಪೋಪ್ ಹನ್ನೆರಡನೇ ಪಿಯುಸ್ ಅವರು 1956ರ ಜನವರಿ 8ರಂದು ನೋವಿಲ್ಲದ ಹೆರಿಗೆಯ ಕುರಿತು ವೈದ್ಯರನ್ನು ಉದ್ದೇಶಿಸಿ ಮಾತನಾಡಿದಾಗ ಈ ಪ್ರಶ್ನೆಗೆ ಉತ್ತರ ಕೊಟ್ಟರು. ಆ ವಚನವು ಹೆರಿಗೆಯ ನೋವನ್ನು ವಿಜ್ಞಾನದ ಸಹಾಯದಿಂದ ಕಡಿಮೆ ಮಾಡುವುದನ್ನು ನಿಷೇಧಿಸುವುದಿಲ್ಲ ಎಂಬುದು ಅವರ ಬೋಧನೆಯ ಸಾರ. ಹೆರಿಗೆಯ ನೋವಿಗೇ ಹೀಗಾದರೆ, ಹೆರಿಗೆಯ ನಂತರ ಮೂವತ್ತು ವರ್ಷ ಉಳಿಯುವ ತೊಂದರೆಗೆ ಚಿಕಿತ್ಸೆ ಪಡೆಯುವುದರಲ್ಲಿ ಯಾವ ತಪ್ಪಿದೆ?

ಸಂತ ಮಾರ್ಕರ ಶುಭಸಂದೇಶದ ಐದನೇ ಅಧ್ಯಾಯದಲ್ಲಿ ಹನ್ನೆರಡು ವರ್ಷ ರಕ್ತಸ್ರಾವದಿಂದ ನರಳಿದ ಸ್ತ್ರೀಯನ್ನು ಕಾಣುತ್ತೇವೆ. ಅವಳು ಜನರ ಗುಂಪಿನಲ್ಲಿ ಮರೆಯಾಗಿ, ಹಿಂದಿನಿಂದ ಬಂದು ಯೇಸುಸ್ವಾಮಿಯ ಉಡುಪನ್ನು ಮುಟ್ಟಿದಳು. ಹೇಳಿಕೊಳ್ಳಲಾಗದ ಕಾಯಿಲೆ ಅವಳದು. ಸ್ವಾಮಿ ಅವಳನ್ನು ಗದರಿಸಲಿಲ್ಲ, ಎಲ್ಲರ ಮುಂದೆ ಮಗಳೆಂದು ಕರೆದರು. ಹಿಂದಿನ ಬೆಂಚಿನಲ್ಲಿ ಬಾಗಿಲ ಪಕ್ಕ ಕುಳಿತವರನ್ನು ನಾವು ಹೇಗೆ ಕಾಣಬೇಕೆಂಬುದಕ್ಕೆ ಬೇರೆ ಪಾಠ ಬೇಕಿಲ್ಲ. ವೈದ್ಯರನ್ನು ಗೌರವಿಸಬೇಕು, ಅವರನ್ನು ಸೃಷ್ಟಿಸಿದವರೂ ದೇವರೇ ಎಂದು ಸಿರಾಖನ ಗ್ರಂಥದ 38ನೇ ಅಧ್ಯಾಯವೂ ಕಲಿಸುತ್ತದೆ. ಎಲ್ಲ ಚಿಕಿತ್ಸೆಯ ನಂತರವೂ ಉಳಿಯುವ ನೋವನ್ನು ಕ್ರಿಸ್ತರ ಶಿಲುಬೆಯೊಂದಿಗೆ ಒಪ್ಪಿಸುವುದು ಬೇರೆ. ಚಿಕಿತ್ಸೆ ಇದ್ದೂ ನಾಚಿಕೆಯಿಂದ ನರಳುವುದು ಬೇರೆ.

ಧರ್ಮಕೇಂದ್ರಗಳು ಏನು ಮಾಡಬಹುದು?

1. ಚರ್ಚಿನ ಶೌಚಾಲಯಕ್ಕೆ ಪೂಜೆಯ ಹೊತ್ತಿನಲ್ಲಿ ಬೀಗ ಹಾಕಬೇಡಿರಿ. ಚಿಲಕ, ನೀರು, ಬೆಳಕು, ಒಂದು ಕಮೋಡ್, ಮುಚ್ಚಳವಿರುವ ಕಸದ ಬುಟ್ಟಿ ಇರಲಿ. ಹಬ್ಬದ ಖರ್ಚಿನ ಪಟ್ಟಿಯಲ್ಲಿ ಇದಕ್ಕೂ ಒಂದು ಸಾಲು ಇರಲಿ.
2. ಸ್ತ್ರೀ ಸಂಘಟನೆಯವರು ವರ್ಷಕ್ಕೊಮ್ಮೆ ಮಹಿಳಾ ಫಿಸಿಯೋಥೆರಪಿಸ್ಟರನ್ನು ಕರೆಸಿ ಮಹಿಳೆಯರಿಗಾಗಿಯೇ ಮಾಹಿತಿ ಶಿಬಿರ ಮಾಡಿರಿ. ಪ್ರಶ್ನೆಗಳನ್ನು ಹೆಸರಿಲ್ಲದೆ ಚೀಟಿಯಲ್ಲಿ ಬರೆದು ಹಾಕಲು ಪೆಟ್ಟಿಗೆ ಇಡಿರಿ. ಫೆಬ್ರವರಿ 11, ಲೂರ್ದು ಮಾತೆಯ ಹಬ್ಬದಂದು ಆಚರಿಸುವ ವಿಶ್ವ ರೋಗಿಗಳ ದಿನ ಇದಕ್ಕೆ ಸೂಕ್ತ.
3. ವಿವಾಹ ಪೂರ್ವ ತರಬೇತಿಯಲ್ಲಿ ವೈದ್ಯರ ತರಗತಿಯಲ್ಲಿ ಈ ವಿಷಯ ಸೇರಿಸಿರಿ.
4. ಮನೆ ಭೇಟಿ ಮಾಡುವವರು ನೇರವಾಗಿ, ಮೃದುವಾಗಿ ಕೇಳಲು ಕಲಿಯಿರಿ. "ಅಕ್ಕಾ, ಮೂತ್ರ ತಡೆಯಲು ಕಷ್ಟವಾಗುತ್ತದೆಯೇ? ತುಂಬಾ ಮಂದಿಗೆ ಆಗುತ್ತದೆ, ಅದಕ್ಕೆ ಚಿಕಿತ್ಸೆ ಇದೆ" ಎಂದರೆ ಸಾಕು. ಹೇಳಿದ್ದನ್ನು ಇನ್ನೊಂದು ಮನೆಗೆ ಒಯ್ಯಬೇಡಿರಿ.
5. ಒಬ್ಬರೇ ಹೋಗಲು ಹಿಂಜರಿಯುವವರ ಜೊತೆ ಆಸ್ಪತ್ರೆಗೆ ಹೋಗಿರಿ. ಖರ್ಚು ಭರಿಸಲಾಗದವರಿಗೆ ಸಂತ ವಿನ್ಸೆಂಟ್ ದೇ ಪಾವ್ಲ್ ಸಭೆಯವರು ನೆರವಾಗಲಿ.
6. ಮೊಣಕಾಲೂರದೆ ಕುಳಿತೇ ಪ್ರಾರ್ಥಿಸುವವರನ್ನು ಭಕ್ತಿ ಕಡಿಮೆಯಾಯಿತೆಂದು ತಿಳಿಯಬೇಡಿರಿ.

ಈ ಲೇಖನ ಓದಿದವರಲ್ಲಿ ಯಾರಾದರೂ ಒಬ್ಬರು ತಮ್ಮ ತಾಯಿಯನ್ನೋ ಅತ್ತೆಯನ್ನೋ ಪಕ್ಕಕ್ಕೆ ಕರೆದು ವಿಚಾರಿಸಿದರೆ ನಮ್ಮ ಶ್ರಮ ಸಾರ್ಥಕ. ಮೂರು ತಿಂಗಳ ವ್ಯಾಯಾಮದ ನಂತರ ಅವರು ಮತ್ತೆ ಮುಂದಿನ ಬೆಂಚಿನಲ್ಲಿ ಕುಳಿತು ನಿಶ್ಚಿಂತೆಯಿಂದ ಹಾಡುವಂತಾಗಲಿ. ರೋಗಿಗಳ ಆರೋಗ್ಯವಾದ ಮಾತೆ ಮರಿಯಮ್ಮನವರು ಅವರಿಗಾಗಿ ಪ್ರಾರ್ಥಿಸಲಿ.